ನೀವು ಪಾಸಾಗಿ ಹೋದ ಮೇಲೂ ನಡೆಯುವಂಥ ಕ್ಲಬ್ ಕಟ್ಟುವುದು ಹೇಗೆ?

ಕಾಲೇಜಿನಲ್ಲಿ ಕ್ಲಬ್ ಶುರು ಮಾಡುವುದು ಅಂಥ ಕಷ್ಟವೇನಲ್ಲ. ನಾಲ್ಕು ಜನ ಗೆಳೆಯರು, ಒಂದು ಅರ್ಜಿ, ಅದರ ಮೇಲೊಂದು ಸಹಿ ಇದ್ದರೆ ಆಯಿತು. ಕಷ್ಟ ಶುರುವಾಗುವುದು ಆಮೇಲೆ. ಪರೀಕ್ಷೆ ಬಂದಾಗ ಸಭೆ ನಿಲ್ಲುತ್ತದೆ, ನಿಂತದ್ದು ಮತ್ತೆ ಶುರುವಾಗುವುದಿಲ್ಲ. ಶುರು ಮಾಡಿದವರು ಡಿಗ್ರಿ ಮುಗಿಸಿ ಹೊರಟಾಗ ಕ್ಲಬ್ಬೂ ಅವರ ಜೊತೆಗೇ ಹೊರಟುಬಿಡುತ್ತದೆ. ಹಾಗಾಗಬಾರದು ಅಂದರೆ ಮುಂದಿನ ವರ್ಷದವರನ್ನು ಮೊದಲ ದಿನದಿಂದಲೇ ಮನಸ್ಸಿನಲ್ಲಿ ಇಟ್ಟುಕೊಂಡು ಕೆಲಸ ಮಾಡಬೇಕು. ಕೆಳಗಿನ ಹೆಜ್ಜೆಗಳನ್ನು ಅದೇ ಲೆಕ್ಕದಲ್ಲಿ ಬರೆದಿದ್ದೇನೆ.

ಹೆಜ್ಜೆ 1: ಹೆಸರು ಆಮೇಲೆ, ಕೆಲಸ ಮೊದಲು

ಹೆಸರು, ಲೋಗೋ, ಟೀ ಶರ್ಟ್ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಒಂದು ಹಾಳೆಯಲ್ಲಿ ‘ಪ್ರತಿ ವಾರ ನಾವು ಸೇರಿ ಏನು ಮಾಡುತ್ತೇವೆ?’ ಎಂದು ಬರೆದು, ಅದರ ಕೆಳಗೆ ಒಂದೇ ವಾಕ್ಯದಲ್ಲಿ ಉತ್ತರ ಬರೆಯಿರಿ. ‘ಛಾಯಾಗ್ರಹಣದ ಬಗ್ಗೆ ಆಸಕ್ತಿ ಮೂಡಿಸುತ್ತೇವೆ’ ಅನ್ನುವುದು ಉತ್ತರವಲ್ಲ. ‘ಪ್ರತಿ ಬುಧವಾರ ಸಂಜೆ ಒಂದು ಗಂಟೆ ಕ್ಯಾಂಪಸ್ ಸುತ್ತಿ ಫೋಟೊ ತೆಗೆಯುತ್ತೇವೆ, ಆಮೇಲೆ ಅರ್ಧ ಗಂಟೆ ಕೂತು ಒಬ್ಬರು ತೆಗೆದದ್ದನ್ನು ಇನ್ನೊಬ್ಬರು ನೋಡಿ ಮಾತಾಡುತ್ತೇವೆ’ ಅನ್ನುವುದು ಉತ್ತರ. ಇದನ್ನು ಓದಿದವರಿಗೆ ಯಾವಾಗ ಬರಬೇಕು, ಬಂದು ಏನು ಮಾಡಬೇಕು ಎಂದು ಗೊತ್ತಾಗುತ್ತದೆ.

ಇದೇ ಕೆಲಸ ಮಾಡುವ ಕ್ಲಬ್ ಕಾಲೇಜಿನಲ್ಲಿ ಈಗಾಗಲೇ ಇದೆಯಾ ಎಂದೂ ವಿಚಾರಿಸಿ. ಚೆನ್ನಾಗಿ ನಡೆಯುತ್ತಿದ್ದರೆ ಸುಮ್ನೆ ಅದಕ್ಕೇ ಸೇರಿಕೊಳ್ಳಿ. ಹೆಸರಿಗೆ ಮಾತ್ರ ಉಳಿದಿದ್ದರೆ ಅದನ್ನೇ ಎಬ್ಬಿಸಿ. ಅನುಮತಿ ಮೊದಲೇ ಇರುತ್ತದೆ, ಎಷ್ಟೋ ಸಲ ಬಜೆಟ್ಟೂ ಇರುತ್ತದೆ.

ಹೆಜ್ಜೆ 2: ಅರ್ಜಿಗೆ ಮುಂಚೆ ನಾಲ್ಕು ವಾರ ನಡೆಸಿ ನೋಡಿ

ಯಾವ ಹುದ್ದೆ, ಯಾವ ಘೋಷಣೆಯೂ ಇಲ್ಲದೆ ನಾಲ್ಕು ವಾರ ಅದೇ ದಿನ, ಅದೇ ಹೊತ್ತಿಗೆ ಸೇರಿ. ಖಾಲಿ ಕ್ಲಾಸ್‌ರೂಮ್ ಸಿಕ್ಕರೆ ಸಾಕು. ನಾಲ್ಕನೇ ವಾರವೂ ಐದಾರು ಜನ ತಾವಾಗಿಯೇ ಬಂದರೆ ನಿಮ್ಮ ಕ್ಲಬ್‌ಗೆ ಜೀವ ಇದೆ ಎಂದರ್ಥ. ಫೋನ್ ಮಾಡಿ ಕರೆದರೆ ಮಾತ್ರ ಬರುತ್ತಾರಾ? ಹಾಗಾದರೆ ಕಾರ್ಯಕ್ರಮವನ್ನೋ ಹೊತ್ತನ್ನೋ ಬದಲಿಸಿ ನೋಡಿ. ಲ್ಯಾಬ್, ಬಸ್ಸು, ಹಾಸ್ಟೆಲ್ ಸಮಯಕ್ಕೆ ಅಡ್ಡ ಬರುವ ಸಭೆಗೆ ಎಷ್ಟು ಆಸಕ್ತಿ ಇದ್ದವರೂ ಬರಲಾರರು.

ಈ ಐದಾರು ಜನ ಒಂದೇ ಬೆಂಚಿನವರಾಗಬಾರದು. ಎಲ್ಲರೂ ಕೊನೆಯ ವರ್ಷದವರಾದರೆ ಎಲ್ಲರೂ ಒಟ್ಟಿಗೇ ಹೊರಟುಹೋಗುತ್ತಾರೆ. ಮೊದಲ ವರ್ಷದವರು ಕನಿಷ್ಠ ಇಬ್ಬರಾದರೂ ಇರಲಿ. ಅವರನ್ನು ಕುರ್ಚಿ ಜೋಡಿಸಲು ಮಾತ್ರ ಕರೆಯಬೇಡಿ. ಏನು ಮಾಡಬೇಕು ಎಂದು ತೀರ್ಮಾನಿಸುವಾಗಲೂ ಅವರು ಜೊತೆಗೆ ಕೂರಲಿ.

ಹೆಜ್ಜೆ 3: ಜೊತೆಗೆ ನಿಲ್ಲುವ ಅಧ್ಯಾಪಕರೊಬ್ಬರು

ಹೆಚ್ಚಿನ ಕಾಲೇಜುಗಳಲ್ಲಿ ಮಾನ್ಯತೆ ಬೇಕಾದರೆ ಅಧ್ಯಾಪಕರೊಬ್ಬರು ಸಲಹೆಗಾರರಾಗಿ ಸಹಿ ಹಾಕಬೇಕಾಗುತ್ತದೆ. ಸುಲಭವಾಗಿ ಸಹಿ ಹಾಕುವವರನ್ನು ಹುಡುಕಿಕೊಂಡು ಹೋಗಬೇಡಿ. ನಿಮ್ಮ ಕೆಲಸದಲ್ಲಿ ಕುತೂಹಲ ಇರುವವರನ್ನು ಹುಡುಕಿ.

ಅಮೆರಿಕದ ಕ್ಯಾಲ್ಟೆಕ್ ವಿಶ್ವವಿದ್ಯಾಲಯದಲ್ಲಿ 1936ರಲ್ಲಿ ಫ್ರಾಂಕ್ ಮಲೀನಾ ಎಂಬ ವಿದ್ಯಾರ್ಥಿ ಮತ್ತು ಅವನ ಜೊತೆಗಾರರು ರಾಕೆಟ್ ಪ್ರಯೋಗ ಶುರು ಮಾಡಿದರು. ರಾಕೆಟ್ ಎಂದರೆ ವಿದ್ವಾಂಸರೂ ನಗುತ್ತಿದ್ದ ಕಾಲ ಅದು. ಪ್ರೊಫೆಸರ್ ಥಿಯೋಡರ್ ವಾನ್ ಕಾರ್ಮನ್ ಮಾತ್ರ ಅವರ ಬೆನ್ನಿಗೆ ನಿಂತರು. ಕ್ಯಾಂಪಸ್ಸಿನಲ್ಲಿ ಅವಘಡಗಳಾಗಿ ಪ್ರಯೋಗವನ್ನು ಹೊರಗೆ ಸಾಗಿಸಬೇಕಾಗಿ ಬಂದಾಗಲೂ ಅವರು ಕೈ ಬಿಡಲಿಲ್ಲ. ಆ ಪುಟ್ಟ ಗುಂಪೇ ಮುಂದೆ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಾಗಿ ಬೆಳೆಯಿತು. ಇವತ್ತು ಮಂಗಳ ಗ್ರಹಕ್ಕೆ ರೋವರ್ ಕಳಿಸುವ ಸಂಸ್ಥೆ ಅದೇ.

ಅಧ್ಯಾಪಕರನ್ನು ಕೇಳಲು ಹೋಗುವಾಗ ನಾಲ್ಕು ವಾರದಲ್ಲಿ ಏನು ಮಾಡಿದಿರಿ, ಯಾರ್ಯಾರು ಬಂದರು, ಮುಂದಿನ ಮೂರು ತಿಂಗಳು ಏನು ಮಾಡುತ್ತೀರಿ ಎಂದು ಒಂದು ಪುಟದಲ್ಲಿ ಬರೆದುಕೊಂಡು ಹೋಗಿ. ‘ಸರ್, ತಿಂಗಳಿಗೊಮ್ಮೆ ಒಂದರ್ಧ ಗಂಟೆ ಸಾಕು’ ಎಂದು ಅವರಿಂದ ಎಷ್ಟು ಸಮಯ ಬೇಕು ಅನ್ನುವುದನ್ನೂ ಹೇಳಿಬಿಡಿ. ಎಷ್ಟು ಬೇಕು ಎಂದು ಗೊತ್ತಾದರೆ ಒಪ್ಪಿಕೊಳ್ಳುವುದು ಸುಲಭ.

ಹೆಜ್ಜೆ 4: ಎರಡು ಪುಟದ ನಿಯಮಾವಳಿ

ಇಲ್ಲಿ ಬೇಸರ ಮಾಡಿಕೊಳ್ಳಬೇಡಿ. ಎಲ್ಲರೂ ಚೆನ್ನಾಗಿರುವಾಗಲೇ ನಿಯಮ ಬರೆಯಬೇಕು, ಜಗಳವಾದ ಮೇಲೆ ಬರೆಯಲು ಆಗುವುದಿಲ್ಲ. ಕ್ಲಬ್‌ನ ಉದ್ದೇಶ, ಯಾರು ಸದಸ್ಯರಾಗಬಹುದು, ಯಾವ ಹುದ್ದೆಗೆ ಏನು ಕೆಲಸ, ಚುನಾವಣೆ ಯಾವ ತಿಂಗಳು, ತೀರ್ಮಾನ ತೆಗೆದುಕೊಳ್ಳಲು ಸಭೆಯಲ್ಲಿ ಕನಿಷ್ಠ ಎಷ್ಟು ಜನ (ಕೋರಂ) ಇರಬೇಕು, ಹಣಕ್ಕೆ ಯಾರ ಸಹಿ, ನಿಯಮ ಬದಲಿಸುವುದು ಹೇಗೆ, ಇಷ್ಟು ಇದ್ದರೆ ಸಾಕು. ಪದಾಧಿಕಾರಿ ಕೆಲಸ ಮಾಡದಿದ್ದರೆ ಬದಲಾಯಿಸುವುದು ಹೇಗೆ ಅನ್ನುವುದನ್ನು ಎಲ್ಲರೂ ಸಂಕೋಚದಿಂದ ಬಿಟ್ಟುಬಿಡುತ್ತಾರೆ. ನೀವು ಬಿಡಬೇಡಿ. ಯಾರಿಗಾದರೂ ಕಿರುಕುಳವಾದರೆ ಯಾರ ಹತ್ತಿರ ಹೇಳಬೇಕು ಅನ್ನುವ ಸಾಲೂ ಇರಲಿ. ಆ ವ್ಯಕ್ತಿ ಅಧ್ಯಕ್ಷರೇ ಆಗಬಾರದು, ಏಕೆಂದರೆ ದೂರು ಅಧ್ಯಕ್ಷರ ಮೇಲೇ ಇರಬಹುದು ಅಲ್ವಾ?

ಕಾಲೇಜಿನ ನಿಯಮಗಳನ್ನೂ ಒಮ್ಮೆ ಪೂರ್ತಿ ಓದಿಕೊಳ್ಳಿ. 1815ರಲ್ಲಿ ಶುರುವಾದ ಕೇಂಬ್ರಿಜ್ ಯೂನಿಯನ್ ಎಂಬ ಚರ್ಚಾಕೂಟವನ್ನು ವಿಶ್ವವಿದ್ಯಾಲಯ 1817ರಲ್ಲಿ ಮುಚ್ಚಿಸಿತ್ತು. 1821ರಲ್ಲಿ ಕೆಲವು ಷರತ್ತುಗಳ ಮೇಲೆ ಮತ್ತೆ ಶುರುವಾದ ಆ ಕೂಟ ಇಂದಿಗೂ ನಡೆಯುತ್ತಿದೆ. ಅನುಮತಿ ಒಮ್ಮೆ ಸಿಗಲಿಲ್ಲ ಎಂದು ಬಿಟ್ಟುಬಿಡಬೇಡಿ. ಏಕೆ ಸಿಗಲಿಲ್ಲ ಎಂದು ಕೇಳಿ ತಿಳಿದುಕೊಂಡು, ಅರ್ಜಿಯನ್ನು ತಿದ್ದಿ ಮತ್ತೆ ಕೊಡಿ.

ಹೆಜ್ಜೆ 5: ಮೊದಲ ಸಾರ್ವಜನಿಕ ಸಭೆ

ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಬಾಗಿಲಲ್ಲಿ ಒಬ್ಬ ವಿದ್ಯಾರ್ಥಿನಿ ನಿಂತಿದ್ದಾಳೆ ಎಂದುಕೊಳ್ಳಿ. ಬ್ಯಾಗಿನ ಪಟ್ಟಿ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಾಳೆ. ಒಳಗೆ ಐದಾರು ಜನ ತಮ್ಮ ತಮ್ಮಲ್ಲೇ ನಗುತ್ತಿದ್ದಾರೆ. ಅವಳಿಗೆ ಅಲ್ಲಿ ಯಾರೂ ಪರಿಚಯವಿಲ್ಲ. ಇನ್ನೊಂದು ನಿಮಿಷದಲ್ಲಿ ಅವಳು ಒಳಗೆ ಬರಬಹುದು, ಇಲ್ಲವೇ ಫೋನ್ ನೋಡುತ್ತಾ ವಾಪಸ್ ಹೋಗಬಹುದು. ಆ ಒಂದು ನಿಮಿಷಕ್ಕಾಗಿಯೇ ಬಾಗಿಲ ಹತ್ತಿರ ಒಬ್ಬರನ್ನು ನಿಲ್ಲಿಸಿ. ಹೆಸರು ಕೇಳಿ, ತಮ್ಮ ಹೆಸರು ಹೇಳಿ, ಪಕ್ಕದಲ್ಲಿ ಕೂರುವವರನ್ನು ಪರಿಚಯಿಸುವುದಷ್ಟೇ ಅವರ ಕೆಲಸ. ಸಭೆ ಮುಗಿಯುವವರೆಗೂ ಅವರಿಗೆ ಬೇರೆ ಜವಾಬ್ದಾರಿ ಬೇಡ.

ಸಭೆಯಲ್ಲಿ ಭಾಷಣ ಹತ್ತು ನಿಮಿಷ ಮೀರಬಾರದು. ಉಳಿದ ಹೊತ್ತೆಲ್ಲ ಕೆಲಸಕ್ಕೆ. ನಾಟಕದ ಕ್ಲಬ್ ಆದರೆ ಬಂದವರಿಗೆಲ್ಲ ಒಂದು ಪುಟ್ಟ ದೃಶ್ಯ ಕೊಡಿ, ರೋಬೋಟಿಕ್ಸ್ ಆದರೆ ಎಲ್ಲರ ಕೈಗೂ ಒಂದು ಮೋಟರ್ ಕೊಡಿ. ಕೊನೆಗೆ ಮುಂದಿನ ಸಭೆಯ ದಿನ, ಹೊತ್ತು, ಜಾಗವನ್ನು ಬೋರ್ಡಿನ ಮೇಲೆ ಬರೆದು ಹೇಳಿ. ಅದೇ ರಾತ್ರಿ ಬಂದವರಿಗೆಲ್ಲ ಒಂದು ಮೆಸೇಜ್ ಹೋಗಲಿ.

ಮೊದಲ ದಿನ ಹೆಸರು ಬರೆಸಿದವರು ಬಹಳ ಜನ ಇರುತ್ತಾರೆ, ಎರಡನೇ ಸಭೆಗೆ ಬರುವವರು ಕಡಿಮೆ. ಇದು ಎಲ್ಲ ಕಡೆ ಆಗುವಂಥದ್ದು, ನಿಮ್ಮ ಸೋಲಲ್ಲ. ಬಾರದವರ ಹಿಂದೆ ಓಡಬೇಡಿ. ಬಂದವರನ್ನು ಚೆನ್ನಾಗಿ ನೋಡಿಕೊಳ್ಳಿ.

ಹೆಜ್ಜೆ 6: ಹುದ್ದೆ ಹಂಚುವುದಲ್ಲ, ಕೆಲಸ ಹಂಚುವುದು

ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ಮೊದಲ ವರ್ಷಕ್ಕೆ ಮೂರು ಹುದ್ದೆ ಸಾಕು. ಉಪಾಧ್ಯಕ್ಷರು, ಜಂಟಿ ಕಾರ್ಯದರ್ಶಿಗಳು, ಸಂಚಾಲಕರು ಎಂದು ಹೆಸರುಗಳು ಜಾಸ್ತಿಯಾದಷ್ಟೂ ‘ಅದು ನನ್ನ ಕೆಲಸವಲ್ಲ’ ಅನ್ನುವವರು ಜಾಸ್ತಿಯಾಗುತ್ತಾರೆ.

ಪ್ರತಿ ಸಭೆಯಲ್ಲೂ ಒಬ್ಬರು ಮಿನಿಟ್ಸ್, ಅಂದರೆ ಸಭೆಯ ಟಿಪ್ಪಣಿ, ಬರೆಯಲಿ. ಉದ್ದ ಬೇಡ. ಏನು ತೀರ್ಮಾನವಾಯಿತು, ಯಾರು ಮಾಡುತ್ತಾರೆ, ಯಾವತ್ತಿನೊಳಗೆ, ಈ ಮೂರೇ ಸಾಲು. ‘ಪೋಸ್ಟರ್ ಮಾಡೋಣ’ ಎಂದು ಬರೆದರೆ ಪೋಸ್ಟರ್ ಆಗುವುದಿಲ್ಲ. ಅದರ ಮುಂದೆ ಒಂದು ಹೆಸರು, ಒಂದು ತಾರೀಖು ಇದ್ದರೆ ಆಗುತ್ತದೆ.

ಜನರನ್ನು ಅವರಿಗೆ ಇಷ್ಟವಾದ ಕಡೆಗೆ ಬಿಡಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 1946ರಲ್ಲಿ ಶುರುವಾದ ಟೆಕ್ ಮಾಡೆಲ್ ರೈಲ್‌ರೋಡ್ ಕ್ಲಬ್ಬಿನಲ್ಲಿ ಕೆಲವರಿಗೆ ಮೇಜಿನ ಮೇಲೆ ಪುಟಾಣಿ ರೈಲು, ಬೆಟ್ಟ, ಊರು ಮಾಡುವುದು ಇಷ್ಟವಾಗಿತ್ತು. ಇನ್ನು ಕೆಲವರಿಗೆ ಮೇಜಿನ ಅಡಿಯ ವೈರು, ಸ್ವಿಚ್ಚುಗಳೇ ಪ್ರಪಂಚ. ಅವರ ಗುಂಪೇ ಬೇರೆಯಾಗಿತ್ತು. ಆ ಮೇಜಿನ ಅಡಿಯ ಗುಂಪಿನವರೇ ಮುಂದೆ ಕ್ಯಾಂಪಸ್ಸಿನ ಕಂಪ್ಯೂಟರ್‌ಗಳ ಕಡೆಗೆ ತಿರುಗಿದರು. 1962ರಲ್ಲಿ ಬಂದ ‘ಸ್ಪೇಸ್‌ವಾರ್’ ಎಂಬ ಆರಂಭದ ಕಾಲದ ಕಂಪ್ಯೂಟರ್ ಆಟದ ಹಿಂದೆ ಈ ಕ್ಲಬ್ಬಿನವರ ಕೈ ಇತ್ತು. ಎಲ್ಲರೂ ರೈಲಿಗೇ ಬಣ್ಣ ಹಚ್ಚಿ ಎಂದು ಯಾರಾದರೂ ಕೂರಿಸಿದ್ದರೆ ಅವರು ಎರಡನೇ ವಾರಕ್ಕೇ ಬಿಟ್ಟು ಹೋಗುತ್ತಿದ್ದರೇನೋ.

ಹೆಜ್ಜೆ 7: ಹಣ

ಕ್ಲಬ್ಬಿನ ಹಣ ಯಾರ ಸ್ವಂತ ಖಾತೆಗೂ ಹೋಗಬಾರದು, ಒಂದು ದಿನದ ಮಟ್ಟಿಗೂ ಬೇಡ. ಪ್ರತಿ ಖರ್ಚಿಗೂ ಇಬ್ಬರ ಒಪ್ಪಿಗೆ ಇರಲಿ. ರಸೀದಿಯ ಫೋಟೊ ಅವತ್ತೇ ತೆಗೆದಿಡಿ. ತಿಂಗಳಿಗೊಮ್ಮೆ ಲೆಕ್ಕವನ್ನು ಎಲ್ಲ ಸದಸ್ಯರ ಮುಂದೆ ಓದಿ. ಗೆಳೆಯರ ನಡುವೆ ಲೆಕ್ಕ ಯಾಕೆ ಅನ್ನುವವರು ಇರುತ್ತಾರೆ. ಗೆಳೆತನ ಉಳಿಯಬೇಕಾದರೆ ಲೆಕ್ಕ ಬೇಕೇ ಬೇಕು.

ಹೆಜ್ಜೆ 8: ದೊಡ್ಡ ಕಾರ್ಯಕ್ರಮ, ವರ್ಷಕ್ಕೊಂದು

ಕಾರ್ಯಕ್ರಮದ ದಿನದಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬನ್ನಿ: ಪ್ರಚಾರ ಯಾವಾಗ ಶುರುವಾಗಬೇಕು, ಅದಕ್ಕೂ ಮುಂಚೆ ಅತಿಥಿಗಳು ಯಾವಾಗ ಒಪ್ಪಿರಬೇಕು, ಅದಕ್ಕೂ ಮುಂಚೆ ಹಾಲ್ ಯಾವಾಗ ಬುಕ್ ಆಗಿರಬೇಕು. ಪರೀಕ್ಷೆಯ ವೇಳಾಪಟ್ಟಿ ಪಕ್ಕದಲ್ಲೇ ಇರಲಿ. ಆದರೆ ಈ ಓಡಾಟದಲ್ಲಿ ವಾರದ ಸಭೆ ತಪ್ಪಿಸಬೇಡಿ. ದೊಡ್ಡ ಕಾರ್ಯಕ್ರಮ ಕ್ಲಬ್ಬಿಗೆ ಹೆಸರು ತರುತ್ತದೆ, ಕ್ಲಬ್ಬನ್ನು ಉಳಿಸುವುದು ಬುಧವಾರದ ಸಭೆಯೇ. ಪರೀಕ್ಷೆಯ ವಾರಗಳಲ್ಲಿ ರಜೆ ಕೊಡುವುದಾದರೆ ಮತ್ತೆ ಸೇರುವ ತಾರೀಖನ್ನು ಮೊದಲೇ ಹೇಳಿ ರಜೆ ಕೊಡಿ.

ಹೆಜ್ಜೆ 9: ಒಪ್ಪಿಸಿ ಹೋಗುವುದು

ಚುನಾವಣೆಯನ್ನು ವರ್ಷದ ಕೊನೆಯ ವಾರಕ್ಕೆ ಇಡಬೇಡಿ. ಎರಡು ತಿಂಗಳು ಮುಂಚೆ ಮುಗಿಸಿ. ಆ ಎರಡು ತಿಂಗಳು ಹೊಸಬರು ಸಭೆ ನಡೆಸಲಿ, ಹಳಬರು ಹಿಂದಿನ ಸಾಲಿನಲ್ಲಿ ಕೂರಲಿ. ಹೊಸಬರು ತಡವರಿಸಿದಾಗ ಎದ್ದು ಹೋಗಿ ಮೈಕ್ ಕಿತ್ತುಕೊಳ್ಳುವ ಆಸೆ ಆಗುತ್ತದೆ. ತಡೆದುಕೊಳ್ಳಿ. ಸಭೆ ಮುಗಿದ ಮೇಲೆ ಪಕ್ಕಕ್ಕೆ ಕರೆದು ಹೇಳಿ.

ಖಾತೆಗಳ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ಕ್ಲಬ್ಬಿನ ಇನ್‌ಸ್ಟಾಗ್ರಾಮ್ ಖಾತೆ ಹಳೆಯ ಕಾರ್ಯದರ್ಶಿಯ ಸ್ವಂತ ನಂಬರಿಗೆ ಜೋಡಣೆಯಾಗಿರುತ್ತದೆ. ಅವರು ಕೆಲಸ ಸಿಕ್ಕಿ ಬೇರೆ ಊರಿಗೆ ಹೋಗಿರುತ್ತಾರೆ, ನಂಬರ್ ಬದಲಾಗಿರುತ್ತದೆ. ಹೊಸಬರು ಲಾಗಿನ್ ಆಗಲು ಹೋದರೆ ಒಟಿಪಿ ಯಾರಿಗೋ ಹೋಗುತ್ತದೆ. ವರ್ಷಗಟ್ಟಲೆ ಕೂಡಿಸಿದ ಫೋಟೊ, ವಿಡಿಯೊ ಕಣ್ಣಿಗೆ ಕಾಣುತ್ತವೆ, ಹೊಸದೊಂದು ಹಾಕಲು ಆಗುವುದಿಲ್ಲ. ಆದ್ದರಿಂದ ಶುರುವಿನಲ್ಲೇ ಕ್ಲಬ್ಬಿನ ಹೆಸರಲ್ಲಿ ಒಂದು ಇಮೇಲ್ ಮಾಡಿ, ಎಲ್ಲ ಖಾತೆಗಳನ್ನೂ ಅದಕ್ಕೇ ಜೋಡಿಸಿ. ಹೊಸಬರು ಬಂದ ದಿನವೇ ಪಾಸ್‌ವರ್ಡ್ ಬದಲಿಸಿ, ಫೋನ್ ನಂಬರನ್ನೂ ಬದಲಿಸಿ. ಅವರು ತಮ್ಮ ಫೋನಿನಲ್ಲಿ ನಿಮ್ಮೆದುರೇ ಲಾಗಿನ್ ಆಗಿ ತೋರಿಸಲಿ.

ಜೊತೆಗೆ ಒಂದು ಫೈಲ್ ಕೊಡಿ. ನಿಯಮಾವಳಿ, ಮಿನಿಟ್ಸ್, ಲೆಕ್ಕ, ಹಾಲ್ ಬುಕ್ ಮಾಡುವ ವಿಧಾನ, ಯಾವ ಕೆಲಸಕ್ಕೆ ಯಾರನ್ನು ಕೇಳಬೇಕು ಅನ್ನುವ ಪಟ್ಟಿ ಅದರಲ್ಲಿರಲಿ. ಈ ವರ್ಷ ಯಾವುದು ಕೈಕೊಟ್ಟಿತು, ಏಕೆ ಅನ್ನುವುದನ್ನೂ ಒಂದು ಪುಟ ಬರೆಯಿರಿ. ಗೆದ್ದದ್ದರ ಫೋಟೊ ಎಲ್ಲ ಕಡೆ ಇರುತ್ತದೆ, ಹೊಸಬರಿಗೆ ನಿಜಕ್ಕೂ ಬೇಕಾಗುವುದು ಈ ಪುಟ. ಫೈಲಿನ ಒಂದು ಪ್ರತಿ ಸಲಹೆಗಾರರ ಹತ್ತಿರವೂ ಇರಲಿ. ಕಾಲೇಜು ಬಿಟ್ಟ ಮೇಲೆ ಹೊಸಬರು ಫೋನ್ ಮಾಡಿ ಏನಾದರೂ ಕೇಳಿದರೆ, ಕೇಳಿದ್ದಕ್ಕಷ್ಟೇ ಉತ್ತರ ಹೇಳಿ.