ಲಾಡ್ಜಿನ ಬಾಡಿಗೆ ಉಳಿಸಿದ ಆಟ: ಎರಡು ತಿರುಗಾಟಗಳ ನನ್ನ ಅನುಭವ

ಪ್ರವಾಸ, ಊಟ-ತಿಂಡಿ, ಮನರಂಜನೆ ಎಂದು ಬಿಡಿ ಲೇಖನಗಳನ್ನು ಬರೆದೇ ಬದುಕು ಸಾಗಿಸುವವರಿಗೆ ತಿಂಗಳ ಕೊನೆಯ ಲೆಕ್ಕ ಹೇಗಿರುತ್ತದೆಂದು ನಾನು ಹೇಳಬೇಕಾಗಿಲ್ಲ. ಶಿವಮೊಗ್ಗದಿಂದ ಕರಾವಳಿಗೆ ಮೂರು ದಿನ ಹೋಗಿ ಬಂದರೆ ಲಾಡ್ಜು, ಬಾಡಿಗೆ ಕಾರು, ಊಟ ಎಲ್ಲ ಸೇರಿ ಆರೂವರೆ ಸಾವಿರ ಕೈಬಿಡುತ್ತಿತ್ತು. ಅದರಿಂದ ಹುಟ್ಟುತ್ತಿದ್ದ ಎರಡು ಲೇಖನಗಳಿಗೆ ಬರುತ್ತಿದ್ದುದು ನಾಲ್ಕು ಸಾವಿರ, ಅದೂ ಮೂರು ತಿಂಗಳ ನಂತರ. ಊರನ್ನು ಆರಿಸಿಕೊಂಡು ಹೊರಡುವ ಪದ್ಧತಿಯನ್ನು ಬಿಟ್ಟು, ಯಕ್ಷಗಾನದ ಆಟ ಯಾವ ರಾತ್ರಿ ಎಲ್ಲಿದೆಯೋ ಅದನ್ನೇ ಹಿಡಿದು ಪ್ರವಾಸ ಹೂಡುತ್ತೇನೆ ಎಂದು ನಾನು ಹೇಳಿದಾಗ, ಇದೇ ಕೆಲಸದಲ್ಲಿರುವ ಗೆಳತಿಯರು ಒಪ್ಪಲಿಲ್ಲ. ಹೆಂಗಸೊಬ್ಬಳು ಬಯಲಿನಲ್ಲಿ ರಾತ್ರಿ ಕಳೆಯುವುದು, ಮರುದಿನ ನಿದ್ದೆಗಣ್ಣಿನಲ್ಲಿ ಊರು ನೋಡುವುದು, ಅದರ ಮೇಲೆ ಬರೆಯುವುದು ಸಾಧ್ಯವೇ ಇಲ್ಲವೆಂದರು. ಎರಡು ತಿರುಗಾಟ, ಅಂದರೆ ಯಕ್ಷಗಾನದ ತಂಡಗಳಾದ ಮೇಳಗಳು ಊರೂರು ಸುತ್ತಿ ಆಡುವ ಎರಡು ವರ್ಷದ ಅವಧಿ, ಮುಗಿದ ಮೇಲೆ ಈಗ ಅವರೇ ವಿವರ ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಕ್ರಮ ಸರಳವಾಗಿದೆ. ಮಧ್ಯಾಹ್ನ ಹೊರಟು ಸಂಜೆಗೆ ಆಟದ ಊರು ಸೇರುವುದು, ರಾತ್ರಿ ಆಟ ನೋಡುವುದು, ಬೆಳಗಿನ ಮೊದಲ ಬಸ್ಸು ಹಿಡಿದು ಹತ್ತಿರದ ಒಂದೆರಡು ಸ್ಥಳ ನೋಡುವುದು, ಬಿಸಿಲೇರುವ ಹೊತ್ತಿಗೆ ಮರಳಿ ಹೊರಡುವುದು. ಹರಕೆ ಹೊತ್ತವರು ಆಡಿಸುವ ಹರಕೆ ಆಟಕ್ಕೆ ಟಿಕೆಟ್ ಇಲ್ಲ. ಸೇವಾಕರ್ತರ, ಅಂದರೆ ಹಾಗೆ ಆಟ ಆಡಿಸುವವರ, ಮನೆಯವರು ಬಂದವರನ್ನೆಲ್ಲ ಊಟಕ್ಕೆ ಕರೆಯುತ್ತಾರೆ. ಒಂದೇ ಪಯಣದಲ್ಲಿ ಕಲೆಯ ಬಗ್ಗೆ ಒಂದು, ಸ್ಥಳದ ಬಗ್ಗೆ ಒಂದು, ಊಟದ ಬಗ್ಗೆ ಒಂದು ಎಂದು ಮೂರು ಲೇಖನಗಳು ಸಿಗುತ್ತವೆ.

ಬಸ್ಸಿನ ವಿಚಾರದಲ್ಲಿ ನನ್ನ ಮೊದಲ ಲೆಕ್ಕವೇ ತಪ್ಪಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ದಾರಿಯ ಖರ್ಚು ಪೂರ್ತಿ ಉಳಿಯಿತೆಂದು ಭಾವಿಸಿದ್ದೆ. ಆದರೆ ಉಡುಪಿ, ಮಂಗಳೂರಿನ ಕಡೆ ಓಡಾಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ದೊಡ್ಡ ಬಸ್ಸು ಇಳಿಯುವುದಿಲ್ಲವಾದ್ದರಿಂದ ಮಿನಿ ಬಸ್ಸೇ ಗತಿ. ಹೋಗಿ ಬರಲು ನಾನೂರು, ಅಲ್ಲಿನ ಓಡಾಟಕ್ಕೆ ಇನ್ನೂರು ಎಂದು ಇಟ್ಟುಕೊಂಡರೆ ನೆಮ್ಮದಿ.

ದೊಡ್ಡ ಪೆಟ್ಟು ಬಿದ್ದದ್ದು ಮೂರನೆಯ ಪಯಣದಲ್ಲಿ. ಧ್ವನಿವರ್ಧಕದ ನಿಯಮಗಳಿಂದಾಗಿ ಈಚಿನ ವರ್ಷಗಳಲ್ಲಿ ಅನೇಕ ಮೇಳಗಳು ಕಾಲಮಿತಿಯ ಪ್ರದರ್ಶನಕ್ಕೆ ಬಂದಿವೆ. ಅದು ಗೊತ್ತಿದ್ದರೂ ವಿಚಾರಿಸದೆ ಮೂಡುಬಿದಿರೆ ಸಮೀಪದ ಒಂದು ಹಳ್ಳಿಗೆ ಹೋದೆ. ಬೆಳಗಿನವರೆಗೆ ನಡೆಯುತ್ತದೆಂದು ನಂಬಿದ್ದ ಆಟ ರಾತ್ರಿ ಹನ್ನೆರಡೂವರೆಗೆ ಮಂಗಳ ಹಾಡಿ ಮುಗಿಯಿತು. ಅರ್ಧ ಗಂಟೆಯಲ್ಲಿ ಗದ್ದೆ ಖಾಲಿ. ದೀಪ ಆರಿಸಲು ಬಂದವರ ಜೊತೆಗಿದ್ದ ವಯಸ್ಸಾದ ಅಮ್ಮನೊಬ್ಬರು ನನ್ನನ್ನು ನೋಡಿ, "ಎಂತ ಮಾರಾಯ್ತಿ, ಈ ಹೊತ್ತಿಗೆ ಬಸ್ಸುಂಟಾ? ನಮ್ಮಲ್ಲೇ ಮಲಗು, ಬಾ" ಎಂದು ಕೈಹಿಡಿದು ಕರೆದುಕೊಂಡು ಹೋದರು. ಅವರ ಚಾವಡಿಯಲ್ಲಿ ಚಾಪೆ ಹಾಸಿ ಮಲಗಿಸಿದ ಆ ಉಪಕಾರವನ್ನು ನಾನು ಮರೆಯುವಂತಿಲ್ಲ. ಆದರೆ ಪ್ರತಿ ಸಲವೂ ಯಾರದೋ ಚಾವಡಿಯನ್ನು ನಂಬಿ ಹೊರಡಲಾಗದು. ಅಂದಿನಿಂದ ಆಟ ಎಷ್ಟು ಹೊತ್ತಿನದೆಂದು ಮೊದಲೇ ಖಚಿತಪಡಿಸಿಕೊಂಡು, ಕಾಲಮಿತಿಯದ್ದಾದರೆ ಮಲಗುವ ವ್ಯವಸ್ಥೆ ಮಾಡಿಕೊಂಡೇ ಹೊರಡುತ್ತೇನೆ. ಆಟಗಳ ದಿನಾಂಕ ಮತ್ತು ಸೇವಾಕರ್ತರ ವಿವರವನ್ನು ಎರಡು ತಿಂಗಳು ಮುಂಚಿತವಾಗಿ ಹೇಗೆ ಪಡೆಯುತ್ತೇನೆ, ಹೆಂಗಸರಿಗೆ ತೊಂದರೆಯಿಲ್ಲದ ತಂಗುವ ಜಾಗಗಳನ್ನು ಹೇಗೆ ಗೊತ್ತುಮಾಡಿಕೊಂಡಿದ್ದೇನೆ ಎಂಬೆರಡನ್ನು ಇಲ್ಲಿ ಬರೆಯುವುದಿಲ್ಲ. ಅವು ನನ್ನ ಹೊಟ್ಟೆಪಾಡಿನ ಗುಟ್ಟುಗಳು.

ಇಷ್ಟನ್ನು ಮಾತ್ರ ಹೇಳಬಲ್ಲೆ: ಆಟ ಶುರುವಾದ ಮೇಲೆ ಹೋಗುವವರಿಗೆ ಬರೆಯಲು ಅರ್ಧ ಸಾಮಗ್ರಿ ಮಾತ್ರ ಸಿಗುತ್ತದೆ. ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟುವ ಚೌಕಿಗೆ ಸಂಜೆಯೇ ಹೋಗಬೇಕು. ಅಪ್ಪಣೆ ಪಡೆದು ಒಂದು ಮೂಲೆಯಲ್ಲಿ ಮಾತಿಲ್ಲದೆ ಕೂರಬೇಕು. ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಬಣ್ಣದ (ರಾಕ್ಷಸ ಪಾತ್ರದ) ವೇಷಧಾರಿಯೊಬ್ಬರು ಚುಟ್ಟಿ ಇಡುವುದನ್ನು ನಾನು ಮೂರು ಗಂಟೆ ನೋಡಿದ್ದೇನೆ. ಅಕ್ಕಿ ಹಿಟ್ಟು, ಸುಣ್ಣ ಸೇರಿಸಿ ಅರೆದ ಬಿಳಿಯ ಪಾಕವನ್ನು ಕಡ್ಡಿಯ ತುದಿಯಲ್ಲಿ ಎತ್ತಿ, ಎಡಗೈಯ ಕನ್ನಡಿಯಿಂದ ಕಣ್ಣು ಕೀಳದೆ, ಕೆನ್ನೆಯ ಮೇಲೆ ಒಂದೊಂದೇ ಚುಕ್ಕೆ ಇಡುತ್ತಾ, ಒಂದು ಸಾಲು ಒಣಗಿದ ಮೇಲೆ ಅದರ ಮೇಲೆ ಮತ್ತೊಂದು ಸಾಲು ಏರಿಸುತ್ತಾ ಹೋದರು. ಕೊನೆಗೆ ಮುಖದ ಮೇಲೆ ಮುಳ್ಳಿನ ಬೇಲಿಯೇ ಎದ್ದುನಿಂತಂತಾಯಿತು. ಅಂದು 'ದೇವಿ ಮಹಾತ್ಮೆ'. ಅದೇ ಮುಖ ನಡುರಾತ್ರಿ ಮಹಿಷಾಸುರನಾಗಿ, ದೀವಟಿಗೆಗಳ ನಡುವೆ, ರಾಳದ ಬೆಂಕಿ ಭುಗಿಲೇಳುತ್ತಿರಲು ಸಭೆಯ ಹಿಂದಿನಿಂದ ಆರ್ಭಟಿಸುತ್ತಾ ಬಂತು. ನನ್ನ ಮಗ್ಗುಲಲ್ಲಿ ನಿದ್ದೆ ಹೋಗಿದ್ದ ಮಕ್ಕಳೆಲ್ಲ ಎದ್ದು ತಾಯಂದಿರ ಸೆರಗಿನೊಳಗೆ ಸೇರಿಕೊಂಡರು. ಆ ಒಂದು ಲೇಖನಕ್ಕೆ ಮೂರು ಸಾವಿರ ಬಂತು; ಅಲ್ಲಿಯವರೆಗೆ ನನಗೆ ಯಾರೂ ಅಷ್ಟು ಕೊಟ್ಟಿರಲಿಲ್ಲ.

ಮರುದಿನ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಅಲ್ಲಿಂದ ಕಾರ್ಕಳ. ಬಸದಿ 1430ರದ್ದು, 42 ಅಡಿಯ ಗೊಮ್ಮಟ 1432ರದ್ದು. ಎರಡನ್ನೂ ಒಂದೇ ಬೆಳಗಿನಲ್ಲಿ ನೋಡಿದಾಗ ಈ ಎರಡು ವರ್ಷದ ಅಂತರವೇ ಲೇಖನದ ಎಳೆಯಾಯಿತು. ಕಾರಿನಲ್ಲಿ ಹಿಂದೆ ಎರಡು ಬಾರಿ ಹೋಗಿದ್ದರೂ ನನಗೆ ಅದು ಹೊಳೆದಿರಲಿಲ್ಲ.

ನಿದ್ದೆಯ ವಿಷಯದಲ್ಲಿ ಗೆಳತಿಯರ ಮಾತು ಅರ್ಧ ನಿಜ. ಮೊದಲ ವರ್ಷ ಸತತ ಮೂರು ರಾತ್ರಿ ಆಟ ನೋಡಿ ಬರೆದ ಲೇಖನದಲ್ಲಿ ಪ್ರಸಂಗದ, ಅಂದರೆ ಆಡಿದ ಕಥೆಯ, ಹೆಸರನ್ನೇ ತಪ್ಪಾಗಿ ಬರೆದೆ. ಅದು ವಾಪಸು ಬಂತು, ಸಂಭಾವನೆಯೂ ಹೋಯಿತು. ಈಗ ಒಂದು ಪಯಣಕ್ಕೆ ಒಂದೇ ಆಟ. ಚೆಂಡೆಯ ಧ್ವನಿ ಮುದ್ರಿಸಿ ಮಾರುವ ಯತ್ನವೂ ಕೆಟ್ಟಿತು. ಮುಂದಿನ ಸಾಲಿನಲ್ಲಿಟ್ಟ ರೆಕಾರ್ಡರಿನಲ್ಲಿ ಚೆಂಡೆ ಒಡೆದು ಭಾಗವತರ ಪದ್ಯವೇ ಕೇಳಲಿಲ್ಲ. ರೆಕಾರ್ಡರಿಗೆ ಹಾಕಿದ ಎಂಟು ಸಾವಿರ ಇನ್ನೂ ಹುಟ್ಟಿಲ್ಲ.

ಇದೇ ಕ್ರಮವನ್ನು ಬಾದಾಮಿಯಲ್ಲಿಯೂ ಪರೀಕ್ಷಿಸಿದೆ. ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಬಂದು ಡೇರೆ ಹಾಕುತ್ತವೆ. ಹುಬ್ಬಳ್ಳಿಯ ಮೇಲೆ ಹೋಗಿಬರಲು ಶೂನ್ಯ ಟಿಕೆಟ್, ಆದ್ದರಿಂದ ದಾರಿಯ ಖರ್ಚೇ ಇಲ್ಲ. ಆದರೆ ನಾಟಕ ಬಿಟ್ಟ ಮೇಲೆ ಡೇರೆಯಲ್ಲಿ ಕೂರುವಂತಿಲ್ಲ; ರಾತ್ರಿ ಕಳೆಯುವ ದೃಷ್ಟಿಯಿಂದ ಅದು ಸೋತ ಪ್ರಯೋಗ. ಹಾಗಿದ್ದರೂ ಗುಡಿಯ ಬಳಿ ಬುಟ್ಟಿ ಹೊತ್ತು ಬರುವ ರೊಟ್ಟಿಯ ಹೆಂಗಸರು ನನ್ನ ಪಯಣವನ್ನು ಉಳಿಸಿದರು. ಜೋಳದ ರೊಟ್ಟಿಯ ಮೇಲೆ ಕಾಳುಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು ಹಾಕಿ, "ಇನ್ನೊಂದ್ ತಗೋರಿ ಅಕ್ಕಾರ" ಎಂದು ಅವರು ಬಡಿಸಿದ ಊಟದ ಲೇಖನವನ್ನೇ ಇಂದಿಗೂ ಜನ ನೆನೆಸುತ್ತಾರೆ.

ಒಟ್ಟು ಲೆಕ್ಕ ನೆನಪಿನಿಂದ ಹೇಳುವುದಾದರೆ, ಮೊದಲ ತಿರುಗಾಟದ ಒಂಬತ್ತು ಪಯಣಗಳಲ್ಲಿ ನಾಲ್ಕೈದು ಸಾವಿರ ಕೈಯಿಂದ ಹೋಯಿತು. ಎರಡನೆಯದರಲ್ಲಿ ಹದಿನಾಲ್ಕು ಪಯಣ. ಒಂದಕ್ಕೆ ಸರಾಸರಿ ಸಾವಿರದ ಮುನ್ನೂರು ಖರ್ಚು, ಐದೂವರೆ ಸಾವಿರದಷ್ಟು ಹುಟ್ಟುವಳಿ. ಕರಾವಳಿಗೆ ಹೋಗಿ ಬರೆಯುವ ನನ್ನ ಪರಿಚಯದವರಲ್ಲಿ ಇಷ್ಟು ಉಳಿಸಿದವರು ಬೇರೆ ಯಾರೂ ಇಲ್ಲ.

ಮೇ ಕೊನೆಯ ಹೊತ್ತಿನ ಪತ್ತನಾಜೆಯ ದಿನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ದೀಪಾವಳಿಯವರೆಗಿನ ತಿಂಗಳುಗಳು ಇನ್ನೂ ಬಗೆಹರಿದಿಲ್ಲ. ಕಳೆದ ಮಳೆಗಾಲ, ಕುಳಿತು ಮಾತು-ಹಾಡಿನಲ್ಲೇ ಕಥೆ ನಡೆಸುವ ತಾಳಮದ್ದಳೆಗಳಿಗೆ ಹೋದೆ. ವೇಷವಿಲ್ಲದ್ದರಿಂದ ಚಿತ್ರ ಕೇಳುವವರಿಲ್ಲ, ಲೇಖನಕ್ಕೆ ಸಾವಿರದ ಇನ್ನೂರರ ಮೇಲೆ ಯಾರೂ ಏರಲಿಲ್ಲ. ಈ ಸಲ ಮನೆಮನೆಗೆ ಹೋಗಿ ಆಡುವ ಚಿಕ್ಕಮೇಳವೊಂದರ ಹಿಂದೆ ನಾಲ್ಕು ಸಂಜೆ ತಿರುಗಲು ಅವರ ಒಪ್ಪಿಗೆ ಪಡೆದಿದ್ದೇನೆ. ಛತ್ರಿ, ಟಾರ್ಚು, ಫೋನಿಗೆ ಪ್ಲಾಸ್ಟಿಕ್ ಚೀಲ ಸಿದ್ಧವಾಗಿವೆ.