ಎಲ್‌ಇಡಿಗೆ ರೆಸಿಸ್ಟರ್: ನಾನು ಲೆಕ್ಕ ಹಾಕುವ ಬಗೆ

ಎಲ್‌ಇಡಿಗೆ ಎಷ್ಟು ಓಮ್‌ನ ರೆಸಿಸ್ಟರ್ (ಕರೆಂಟನ್ನು ಮಿತಿಯಲ್ಲಿಡುವ ಬಿಡಿಭಾಗ) ಹಾಕಬೇಕು ಅನ್ನುವುದಕ್ಕಿಂತ ಮೊದಲು ನಾನು ನೋಡುವುದು ರೆಸಿಸ್ಟರ್ ಪಾಲಿಗೆ ಎಷ್ಟು ವೋಲ್ಟ್ ಉಳಿಯುತ್ತದೆ ಎಂಬುದನ್ನು. ಕೆಂಪು ಎಲ್‌ಇಡಿ ಬೆಳಗುವಾಗ ಸುಮಾರು 2 ವೋಲ್ಟ್ ತನಗೇ ಇಟ್ಟುಕೊಳ್ಳುತ್ತದೆ, ಬಿಳಿ ಮತ್ತು ನೀಲಿ ಸುಮಾರು 3ರಿಂದ 3.3. ಬ್ಯಾಟರಿಯ ವೋಲ್ಟಿನಿಂದ ಅದನ್ನು ಕಳೆದು, ಉಳಿದದ್ದನ್ನು ಬೇಕಾದ ಕರೆಂಟಿನಿಂದ ಭಾಗಿಸಿದರೆ ಓಮ್ ಸಿಗುತ್ತದೆ. ಕರೆಂಟನ್ನು ಆಂಪಿಯರ್‌ನಲ್ಲೇ ಹಾಕಬೇಕು: 20 ಮಿಲಿಆಂಪ್ ಅಂದರೆ 0.02.

9 ವೋಲ್ಟ್ ಬ್ಯಾಟರಿ, ಒಂದು ಕೆಂಪು ಎಲ್‌ಇಡಿ: ಉಳಿಯುವುದು 7 ವೋಲ್ಟ್. 20 ಮಿಲಿಆಂಪ್‌ಗೆ 350 ಓಮ್ ಬೇಕು. ರೆಸಿಸ್ಟರ್‌ಗಳು ಸಿಗುವ ಬೆಲೆಗಳ (ಓಮ್‌ಗಳ) ಸಾಮಾನ್ಯ ಸರಣಿಯಲ್ಲಿ 330 ಇದೆ, 390 ಇದೆ, 350 ಇಲ್ಲ. ಇಂಥ ಕಡೆ ನಾನು ಯಾವಾಗಲೂ ಮೇಲಿನದನ್ನೇ ತೆಗೆದುಕೊಳ್ಳುತ್ತೇನೆ. 390 ಹಾಕಿದರೆ 18 ಮಿಲಿಆಂಪ್ ಹರಿಯುತ್ತದೆ, ರೆಸಿಸ್ಟರ್‌ನಲ್ಲಿ ಶಾಖವಾಗುವುದು 0.126 ವ್ಯಾಟ್. ಕಾಲು ವ್ಯಾಟಿನ ರೆಸಿಸ್ಟರ್ ಇದನ್ನು ತಡೆಯುತ್ತದೆ.

ಆದರೆ 20 ಮಿಲಿಆಂಪ್ ಕೊಡಲೇಬೇಕೆಂದಿಲ್ಲ. ಸಾಮಾನ್ಯ 5 ಮಿಲಿಮೀಟರ್ ಎಲ್‌ಇಡಿಗೆ ಅದು ಸತತವಾಗಿ ಕೊಡಬಹುದಾದ ಕರೆಂಟು, ಬೇಕೇ ಬೇಕಾದದ್ದಲ್ಲ. ಆನ್ ಆಗಿದೆ ಎಂದು ತೋರಿಸುವ ದೀಪಕ್ಕೆ 5 ಮಿಲಿಆಂಪ್ ಧಾರಾಳ. ಇಂದಿನ ಎಲ್‌ಇಡಿಗಳು 2ರಲ್ಲೂ ಚೆನ್ನಾಗಿ ಕಾಣುತ್ತವೆ. ಕರೆಂಟು ಎರಡು ಪಟ್ಟಾದರೆ ಕಣ್ಣಿಗೆ ಬೆಳಕು ಎರಡು ಪಟ್ಟಾಗಿ ಕಾಣುವುದೂ ಇಲ್ಲ. ಅದೇ 9 ವೋಲ್ಟಿಗೆ 1.5 ಕಿಲೋ ಓಮ್ ಹಾಕಿದರೆ 4.7 ಮಿಲಿಆಂಪ್. ಸುಮಾರು 500 ಮಿಲಿಆಂಪ್-ಗಂಟೆಯ ಆಲ್ಕಲೈನ್ ಬ್ಯಾಟರಿ 20 ಮಿಲಿಆಂಪ್‌ನಲ್ಲಿ ಒಂದು ದಿನಕ್ಕೆ ಮುಗಿದರೆ, ಇದರಲ್ಲಿ ನಾಲ್ಕು ದಿನದ ಹತ್ತಿರ ಬರುತ್ತದೆ.

ಲೆಕ್ಕ ಕೈಕೊಡುವುದು ಮೂರು ಎಎ ಸೆಲ್ಲಿಗೆ ಬಿಳಿ ಎಲ್‌ಇಡಿ ಹಾಕಿದಾಗ. ಸೆಲ್ ಮೇಲೆ 1.5 ವೋಲ್ಟ್ ಎಂದು ಬರೆದಿದ್ದರೂ ಹೊಸ ಆಲ್ಕಲೈನ್ ಸೆಲ್ 1.6ರ ಹತ್ತಿರ ಇರುತ್ತದೆ, ಬಳಸುತ್ತ ಬಳಸುತ್ತ 1.2ಕ್ಕೂ ಕೆಳಗಿಳಿಯುತ್ತದೆ. ಎಲ್‌ಇಡಿಯ ಪಾಲು 3.1 ಎಂದುಕೊಳ್ಳಿ. 68 ಓಮ್ ಹಾಕಿದರೆ 4.5 ವೋಲ್ಟಿನಲ್ಲಿ 20 ಮಿಲಿಆಂಪ್, ಸರಿ. ಹೊಸ ಸೆಲ್ಲಿನ 4.8ರಲ್ಲಿ ಅದು 25 ಆಗುತ್ತದೆ, 3.6ಕ್ಕೆ ಇಳಿದಾಗ ಬರೀ 7. ರೆಸಿಸ್ಟರ್‌ಗೆ ಉಳಿಯುವುದೇ ಅಷ್ಟಿಷ್ಟು. ಬ್ಯಾಟರಿಯ ಪ್ರತಿ ಇಳಿತ ಪೂರ್ತಿಯಾಗಿ ಅದರ ಮೇಲೇ ಬೀಳುತ್ತದೆ. (ಕರೆಂಟ್ ಇಳಿದಂತೆ ಎಲ್‌ಇಡಿಯ ಪಾಲೂ ತುಸು ಇಳಿಯುವುದರಿಂದ ನಿಜವಾಗಿ 7ಕ್ಕಿಂತ ಸ್ವಲ್ಪ ಹೆಚ್ಚೇ ಬರುತ್ತದೆ.) ಅದಕ್ಕೇ ನಾನು ಹೊಸ ಸೆಲ್ಲಿಗೆ ಒಮ್ಮೆ, ಸೊರಗಿದ ಸೆಲ್ಲಿಗೆ ಒಮ್ಮೆ, ಎರಡು ಸಲ ಲೆಕ್ಕ ಹಾಕುತ್ತೇನೆ. ಇಲ್ಲಿ 100 ಓಮ್ ಹಾಕಿದರೆ ಹೊಸದರಲ್ಲಿ 17, ಕೊನೆಯಲ್ಲಿ 5. ಚಾರ್ಜ್ ಮಾಡುವ ನಿಕಲ್ ಸೆಲ್ಲುಗಳಾದರೆ ಮೂರಕ್ಕೆ 3.6 ವೋಲ್ಟ್ ಮಾತ್ರ. ಬಿಳಿಗೆ ನಾಲ್ಕು ಸೆಲ್ ಬಳಸುವುದೇ ವಾಸಿ.

ಎರಡು ಕೆಂಪು ಎಲ್‌ಇಡಿಗಳನ್ನು 9 ವೋಲ್ಟಿಗೆ ಒಂದರ ಹಿಂದೆ ಒಂದು ಜೋಡಿಸಿದರೆ 5 ವೋಲ್ಟ್ ಉಳಿಯುತ್ತದೆ, 560 ಓಮ್‌ಗೆ ಸುಮಾರು 9 ಮಿಲಿಆಂಪ್. ಒಂದೇ ಕರೆಂಟಿಗೆ ಎರಡು ದೀಪ, ಲಾಭವೇ. ಮೂರನೆಯದನ್ನೂ ಸೇರಿಸಬಹುದು, ಆದರೆ ಬ್ಯಾಟರಿ 7ಕ್ಕೆ ಇಳಿದಾಗ 1 ವೋಲ್ಟ್ ಮಾತ್ರ ಉಳಿದು ಮೂರೂ ಮಂಕಾಗುತ್ತವೆ. ಅಕ್ಕಪಕ್ಕ ಜೋಡಿಸುವುದಾದರೆ ಪ್ರತಿ ಎಲ್‌ಇಡಿಗೂ ಅದರದೇ ರೆಸಿಸ್ಟರ್ ಬೇಕು. ಎಲ್ಲಕ್ಕೂ ಒಂದೇ ಹಾಕಿದರೆ ಕಡಿಮೆ ವೋಲ್ಟಿನ ಎಲ್‌ಇಡಿ ಹೆಚ್ಚು ಕರೆಂಟನ್ನು ಎಳೆದುಕೊಳ್ಳುತ್ತದೆ, ಬಿಸಿಯಾದಷ್ಟೂ ಅದರ ವೋಲ್ಟ್ ಇನ್ನಷ್ಟು ಇಳಿದು ಮತ್ತಷ್ಟು ಎಳೆಯುತ್ತದೆ. ಕೆಂಪನ್ನೂ ಬಿಳಿಯನ್ನೂ ಹೀಗೆ ಒಟ್ಟಿಗೆ ಹಾಕಿದರೆ ಬಿಳಿ ಹೊತ್ತುವುದೇ ಇಲ್ಲ.

ಯಾವ ಎಲ್‌ಇಡಿ ಎಂದು ಗೊತ್ತಿಲ್ಲದಿದ್ದರೆ ಮೊದಲು 9 ವೋಲ್ಟಿಗೆ 1 ಕಿಲೋ ಓಮ್ ಹಾಕಿ ಹೊತ್ತಿಸಿ, ಎಲ್‌ಇಡಿಯ ಎರಡು ಕಾಲುಗಳ ನಡುವಿನ ವೋಲ್ಟ್ ಅಳೆಯುತ್ತೇನೆ. ಕರೆಂಟ್ ತಿಳಿಯಲು ತಂತಿ ಬಿಚ್ಚಬೇಕಿಲ್ಲ. ರೆಸಿಸ್ಟರ್‌ನ ಎರಡು ತುದಿಗಳ ನಡುವೆ ಅಳೆದು ಓಮ್‌ನಿಂದ ಭಾಗಿಸಿದರೆ ಸಾಕು. 1 ಕಿಲೋ ಓಮ್ ಇದ್ದರೆ ಮೀಟರಿನಲ್ಲಿ ಕಂಡ ಪ್ರತಿ ವೋಲ್ಟೂ ಒಂದೊಂದು ಮಿಲಿಆಂಪ್.

ಮಂಕಾಗಿ ಹೊತ್ತಿದರೆ ಮೊದಲು ರೆಸಿಸ್ಟರ್ ಮೇಲಿನ ಬಣ್ಣದ ಪಟ್ಟಿ ನೋಡಿ. ಕಂದು-ಕಪ್ಪು-ಕಂದು 100 ಓಮ್, ಕಂದು-ಕಪ್ಪು-ಕಿತ್ತಳೆ 10 ಕಿಲೋ ಓಮ್. ನೀಲಿ ಮೈಯ ಐದು ಪಟ್ಟಿಯ ರೆಸಿಸ್ಟರ್‌ಗಳಲ್ಲಿ ಕೆಂಪು, ಕಂದು ಬಿಡಿಸಿ ಹೇಳುವುದು ಕಷ್ಟ, ಅವನ್ನು ಮೀಟರಿನಲ್ಲೇ ಅಳೆಯುವುದು ಕ್ಷೇಮ. ಹೊತ್ತದೇ ಹೋದರೆ ಎಲ್‌ಇಡಿ ತಿರುಗಾಮುರುಗಾ ಆಗಿರಬಹುದು: ಉದ್ದ ಕಾಲು ಧನ ತುದಿಗೆ, ಅಂಚು ಚಪ್ಪಟೆಯಾಗಿರುವ ಬದಿ ಋಣ ತುದಿಗೆ. ಹೆಚ್ಚಿನ ಎಲ್‌ಇಡಿಗಳು ಉಲ್ಟಾ ದಿಕ್ಕಿನಲ್ಲಿ ತಡೆಯುವುದು 5 ವೋಲ್ಟ್ ಮಾತ್ರ, ಹಾಗಾಗಿ 9 ವೋಲ್ಟಿಗೆ ಉಲ್ಟಾ ಹಾಕಿಟ್ಟು ಬಿಡಬಾರದು. ರೆಸಿಸ್ಟರ್ ಮಾತ್ರ ಎಲ್‌ಇಡಿಯ ಯಾವ ಕಡೆ ಇದ್ದರೂ, ಯಾವ ದಿಕ್ಕಿಗಿದ್ದರೂ ಸರಿಯೇ.