ರಿಪೇರಿ ಆದಮೇಲೆ ಲ್ಯಾಪ್‌ಟಾಪ್ ಹೊಸ ತೊಂದರೆ ಕೊಟ್ಟರೆ

ರಿಪೇರಿಗೆ ಮುಂಚೆ ಇಲ್ಲದ ತೊಂದರೆ ಈಗ ಕಾಣಿಸಿಕೊಂಡಿದ್ದರೆ ಮದರ್‌ಬೋರ್ಡನ್ನು ದೂರುವ ಮೊದಲು ಕೈಯಾಡಿಸಿದ ಜಾಗ ನೋಡಿ. ಹೆಚ್ಚಿನ ಸಲ ಸಿಗುವುದು ಪೂರ್ತಿ ಕೂರದ ಕೇಬಲ್ಲು, ಅರ್ಧ ಮುಚ್ಚಿದ ಲಾಕು ಇಲ್ಲವೇ ಅದಲುಬದಲಾದ ಸ್ಕ್ರೂ.

ಆನ್ ಆಗುತ್ತಲೇ ಇಲ್ಲವೇ? ಚಾರ್ಜರ್ ಹಾಕಿ ನೋಡಿ. ಬ್ಯಾಟರಿ ಕೇಬಲ್ ಒಮ್ಮೆ ಬಿಡಿಸಿದರೆ ಹಲವು ಮಾಡೆಲ್‌ಗಳು ಚಾರ್ಜರ್ ಕೊಡುವ ತನಕ ಏಳುವುದಿಲ್ಲ. ಆಗಲೂ ಏಳದಿದ್ದರೆ ಚಾರ್ಜರ್ ತೆಗೆದು, ಹಿಂಬದಿ ಬಿಚ್ಚಿ, ಬ್ಯಾಟರಿ ಕನೆಕ್ಟರ್ ಕಳಚಿ, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ. ಆಮೇಲೆ ಕನೆಕ್ಟರ್ ಮತ್ತೆ ಸೇರಿಸಿ, ಚಾರ್ಜರ್ ಕೊಟ್ಟು ಆನ್ ಮಾಡಿ ನೋಡಿ. ಇನ್ನು ಮುಂದೆ ಒಳಗೆ ಏನೇ ಮುಟ್ಟುವುದಿದ್ದರೂ ಬ್ಯಾಟರಿ ಕಳಚಿಯೇ ಇರಲಿ.

ಲೈಟ್ ಬಂದು ಫ್ಯಾನ್ ತಿರುಗಿದರೂ ಪರದೆ ಕಪ್ಪಗಿದ್ದರೆ ಮೊದಲ ಅನುಮಾನ ರ‍್ಯಾಮ್ ಮೇಲೆ. ಸುಮಾರು 30 ಡಿಗ್ರಿ ಓರೆಯಾಗಿ ಕೊನೆಯವರೆಗೂ ತಳ್ಳಿ, ಕೆಳಗೆ ಒತ್ತಿದಾಗ ಎರಡೂ ಬದಿಯ ಕ್ಲಿಪ್ ಟಕ್ ಎನ್ನಬೇಕು. ಎರಡು ಸ್ಟಿಕ್ ಇದ್ದರೆ ಒಂದೊಂದನ್ನೇ ಹಾಕಿ ಪರೀಕ್ಷಿಸಿ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಬರುವ ಡಿಡಿಆರ್5 ಬಗೆಯ ಹೊಸ ರ‍್ಯಾಮ್ ಮೊದಲ ಸಲ ಕೆಲವು ನಿಮಿಷ ಕಪ್ಪು ಪರದೆಯಲ್ಲೇ ಕೂರಿಸಬಹುದು, ನಡುವೆ ಆಫ್ ಮಾಡಬೇಡಿ. ಡೆಲ್‌ನ ಹಲವು ಮಾಡೆಲ್‌ಗಳಲ್ಲಿ ಲೈಟು 2 ಸಲ ಕಿತ್ತಳೆ, 3 ಸಲ ಬಿಳಿ ಮಿನುಗಿದರೆ ರ‍್ಯಾಮ್ ಸಿಕ್ಕಿಲ್ಲ ಎಂದರ್ಥ. ಡೆಲ್‌ನಲ್ಲೇ 'ಡಿ' ಕೀ ಹಿಡಿದು ಪವರ್ ಒತ್ತಿದಾಗ ಬರಿಯ ಬಣ್ಣಗಳು ಒಂದಾದಮೇಲೊಂದು ಬಂದರೆ ಪ್ಯಾನೆಲ್ ಸರಿಯಿದೆ.

ಪರದೆ ಬದಲಿಸಿದ ಮೇಲೆ ಕತ್ತಲಾದರೆ ಟಾರ್ಚ್ ಓರೆಯಾಗಿ ಬಿಡಿ. ಚಿತ್ರ ಮಸುಕಾಗಿ ಕಂಡರೆ ಪರದೆಗೆ ಹಿಂದಿನಿಂದ ಬೆಳಕು ಕೊಡುವ ಬ್ಯಾಕ್‌ಲೈಟ್ ಮಾತ್ರ ಹೋಗಿದೆ. ಬ್ಯಾಕ್‌ಲೈಟಿಗೆ ಹೋಗುವ ವೋಲ್ಟೇಜು ಪ್ಯಾನೆಲಿನ 3.3 ವೋಲ್ಟಿಗಿಂತ ಬಹಳ ಹೆಚ್ಚು. ಬ್ಯಾಟರಿ ಕಳಚದೆ ಕೇಬಲ್ಲನ್ನು ಸೊಟ್ಟಗೆ ಚುಚ್ಚಿದರೆ ಬೋರ್ಡಿನ ಪುಟ್ಟ ಫ್ಯೂಸ್ ಸುಟ್ಟುಹೋಗಬಹುದು. ಅದನ್ನು ಬದಲಿಸುವುದು ಚಿಪ್ ಲೆವೆಲ್ ಕೆಲಸ, ಮನೆಯ ಸಾಲ್ಡರಿಂಗ್ ಐರನ್ನಿಗೆ ಒಗ್ಗುವಂಥದ್ದಲ್ಲ.

ಕೀಬೋರ್ಡಿನ ಕೆಲವು ಕೀ ಸತ್ತಿದ್ದರೆ ಚಪ್ಪಟೆ ಕೇಬಲ್ ಓರೆಯಾಗಿರಬಹುದು. ಕನೆಕ್ಟರಿನ ಲಾಕನ್ನು ಉಗುರಿನಿಂದ ಎತ್ತಿ, ಕೇಬಲ್ಲಿನ ಗೆರೆ ಕನೆಕ್ಟರಿಗೆ ಸಮಾನಾಂತರವಾಗುವಂತೆ ಸೇರಿಸಿ, ಮತ್ತೆ ಮುಚ್ಚಿ. ವೈಫೈ ಮಂಕಾಗಿದ್ದರೆ ಕಾರ್ಡಿನ ಕಪ್ಪು, ಬಿಳಿ ಆಂಟೆನಾ ತಂತಿಗಳಲ್ಲಿ ಒಂದು ಕಳಚಿರಬಹುದು.

ಬಿಸಿಯೇರಿ ತಾನೇ ಆಫ್ ಆಗುವುದೇ ಹೆಚ್ಚು ಕಾಡುವ ತೊಂದರೆ. ಫ್ಯಾನಿನ ಕನೆಕ್ಟರ್ ನೋಡಿ. ಪ್ರೊಸೆಸರಿನ ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಎತ್ತಿದ್ದರೆ ಎರಡರ ನಡುವಿನ ಹಳೆ ಥರ್ಮಲ್ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ಹೊಸದು ಹಚ್ಚಲೇಬೇಕು. ಸ್ಕ್ರೂಗಳ ಪಕ್ಕ 1, 2, 3, 4 ಎಂದು ಬರೆದಿರುವುದು ಅಲಂಕಾರಕ್ಕಲ್ಲ: ಆ ಕ್ರಮದಲ್ಲಿ ಮೊದಲು ಅರ್ಧರ್ಧ, ಆಮೇಲೆ ಪೂರ್ತಿ ಬಿಗಿಯಿರಿ. ಎಲ್ಲಾ ಸರಿಯಿದ್ದೂ ಬಿಸಿ ಇಳಿಯದಿದ್ದರೆ ಪಕ್ಕದ ಚಿಪ್‌ಗಳ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಮೆತ್ತನೆ ಥರ್ಮಲ್ ಪ್ಯಾಡಿನ ದಪ್ಪ ಅಳೆಯಿರಿ. 0.5 ಮಿ.ಮೀ. ಇದ್ದ ಜಾಗಕ್ಕೆ 1 ಮಿ.ಮೀ. ಪ್ಯಾಡ್ ಬಿದ್ದಿದ್ದರೆ ಹೀಟ್‌ಸಿಂಕ್ ಪ್ರೊಸೆಸರಿನಿಂದ ಕೂದಲೆಳೆಯಷ್ಟು ಎದ್ದು ನಿಂತಿರುತ್ತದೆ, ಪೇಸ್ಟ್ ಎಷ್ಟು ಸುರಿದರೂ ದಂಡ.

ಟಚ್‌ಪ್ಯಾಡ್ ಉಬ್ಬಿದ್ದರೆ ಅಥವಾ ಕ್ಲಿಕ್ ಆಗದಿದ್ದರೆ ಎರಡು ಸಾಧ್ಯತೆ. ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದು ಹೋಗಿ ಕೆಳಗಿನಿಂದ ಚುಚ್ಚುತ್ತಿರಬಹುದು, ಬದಲಿಸಿದರೆ ಮುಗಿಯಿತು. ಬ್ಯಾಟರಿಯೇ ಊದಿಕೊಂಡಿದ್ದರೆ ಮಾತ್ರ ಚಾರ್ಜ್ ಮಾಡಬೇಡಿ, ಒತ್ತಿ ಸಮ ಮಾಡಲೂ ಹೋಗಬೇಡಿ. ಆಫ್ ಮಾಡಿ, ಇ-ತ್ಯಾಜ್ಯ ಪಡೆಯುವವರಿಗೆ ಆ ಬ್ಯಾಟರಿ ಕೊಟ್ಟುಬಿಡಿ.